ಬೀಗರ ಮನೆಯ ಆಮೆಕೊಳ: ವಯನಾಡಿನಲ್ಲಿ ನಾಲ್ಕು ದಿನ

ನಮ್ಮ ಹೊಸೂರು ಕಡೆಯಿಂದ ವಯನಾಡಿಗೆ ಹೊರಡುವವರು ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನೊಳಗೆ ಹೋಗುವ ಹೆದ್ದಾರಿ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ಮುಚ್ಚಿರುತ್ತದೆ. ಆನೆ, ಜಿಂಕೆಗಳು ರಸ್ತೆ ದಾಟುವ ಹೊತ್ತು ಅದು. ಜೀವದಯೆಯ ದೃಷ್ಟಿಯಿಂದ ಬಹಳ ಒಳ್ಳೆಯ ಕಟ್ಟಳೆ ಎಂದೇ ನಮ್ಮ ಅಭಿಪ್ರಾಯ. ಆದರೆ ಅಂಗಡಿ ಮುಚ್ಚಿ ರಾತ್ರಿ ಹೊರಟು ಬೆಳಕು ಹರಿಯುವುದರೊಳಗೆ ಊರು ಸೇರುವ ನಮ್ಮ ವ್ಯಾಪಾರಸ್ಥರ ಅಭ್ಯಾಸ ಈ ದಾರಿಯಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಈ ಸಲದ ದೀಪಾವಳಿ ರಜೆಯಲ್ಲಿ ನಾವು ನಸುಕಿನ ನಾಲ್ಕಕ್ಕೇ ಕಾರು ಹತ್ತಿದೆವು. ಮೈಸೂರಿನಲ್ಲಿ ಬೆಳಗಿನ ತಿಂಡಿ, ಗುಂಡ್ಲುಪೇಟೆಯ ಹೊರಗೆ ಒಂದು ಹುಣಸೆಮರದ ನೆರಳಲ್ಲಿ ಮನೆಯಿಂದ ಕಟ್ಟಿಕೊಂಡು ಹೋದ ಪುಳಿಯೋಗರೆ. ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿ ಸೇರುವಾಗ ಮಧ್ಯಾಹ್ನ ಇಳಿಯುತ್ತಿತ್ತು.

ನಮ್ಮ ಮಗಳನ್ನು ಕಲ್ಪೆಟ್ಟಾ ಸಮೀಪದ ಒಂದು ಕಾಫಿ ತೋಟದ ಮನೆಗೆ ಕೊಟ್ಟು ಆರು ವರ್ಷವಾಯಿತು. ವಯನಾಡಿನ ಜೈನ ಮನೆಗಳ ಬಗ್ಗೆ ನಮ್ಮ ಓದುಗರಲ್ಲಿ ಹಲವರಿಗೆ ತಿಳಿದಿದ್ದರೂ ಎರಡು ಮಾತು ಹೇಳಬೇಕು. ಹೊರಗೆಲ್ಲ ಮಲಯಾಳ, ಶಾಲೆಯಲ್ಲಿ ಮಲಯಾಳ, ಆದರೆ ಮನೆಯ ಹೊಸ್ತಿಲೊಳಗೆ ಇವತ್ತಿಗೂ ಕನ್ನಡ. ಬತ್ತೇರಿಗೆ ಹಿಂದೆ ಹನ್ನೆರಡುಬೀದಿ ಎಂಬ ಹೆಸರಿತ್ತು, ಅದು ಜೈನರ ಹನ್ನೆರಡು ಬೀದಿಗಳಿಂದ ಬಂದದ್ದು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಊರ ನಡುವಿನ ಕಲ್ಲುಬಸದಿಯನ್ನು ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡು ಇಡಲು ಬಳಸಿದರು, ಆ 'ಬ್ಯಾಟರಿ'ಯೇ ಬತ್ತೇರಿಯಾಯಿತು. ಈಗ ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪೂಜೆ ಇಲ್ಲ, ಹುಲ್ಲುಹಾಸು ಇದೆ. ಕಂಬಗಳ ನಡುವೆ ಸ್ವಲ್ಪ ಹೊತ್ತು ಕುಳಿತು, ಮನಸ್ಸಿನಲ್ಲೇ ಣಮೋಕಾರ ಹೇಳಿಕೊಂಡು ಮುಂದೆ ಹೊರಟೆವು. ಮರುದಿನ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ಬಸದಿಗೆ ಹೋದೆವು. ಅಲ್ಲಿ ಪೂಜೆ ನಡೆಯುತ್ತದೆ. 'ಮಾತೃಭೂಮಿ' ಪತ್ರಿಕೆಯನ್ನು ನಡೆಸಿದ, ಹಿಮಾಲಯದ ಪ್ರವಾಸಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಎಂ. ಪಿ. ವೀರೇಂದ್ರಕುಮಾರ್ ಅವರ ಮನೆತನದ ಊರೂ ಇದೇ. ಅವರು 2020ರಲ್ಲಿ ತೀರಿಕೊಂಡರು.

ಆದರೆ ಈ ಸಲ ನಾವು ಬರೆಯಹೊರಟದ್ದು ಬಸದಿಗಳ ವಿಷಯವಲ್ಲ. ಅವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ಬೀಗರ ಮನೆಯ ಹಿತ್ತಿಲಿನಲ್ಲಿ ಒಂದು ಕೊಳ ಇದೆ, ಅದರಲ್ಲಿ ಎರಡು ಆಮೆಗಳಿವೆ. ನಾಲ್ಕು ದಿನವೂ ನಮ್ಮ ಹೊತ್ತು ಹೆಚ್ಚಾಗಿ ಕಳೆದದ್ದು ಅದರ ಕಟ್ಟೆಯ ಮೇಲೆ. ನಗರಗಳಲ್ಲಿರುವ ನಮ್ಮ ಎಷ್ಟೋ ಕುಟುಂಬಗಳಲ್ಲಿ ಮಕ್ಕಳು ಇಂಥದೇ ಆಮೆಮರಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿರುವುದನ್ನು ನೋಡಿದ್ದೇವೆ. ಆದ್ದರಿಂದ ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ಸವಿಸ್ತಾರವಾಗಿ ಬರೆಯುವುದು ಉಪಯೋಗಕ್ಕೆ ಬಂದೀತು ಎನಿಸಿತು.

ಆಮೆಗಳು ಬಂದ ಕಥೆ ಸಾಮಾನ್ಯವಾದದ್ದೇ. ನಮ್ಮ ಅಳಿಯನ ತಂಗಿ ಮೈಸೂರಿನಲ್ಲಿ ಓದುತ್ತಿದ್ದಾಗ ಒಂದು ಅಂಗಡಿಯಿಂದ ಎರಡು ಮರಿ ತಂದಳು. ಒಂದೊಂದೂ ಹಳೆಯ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಇಟ್ಟಂತೆ ಕೆಂಪು ಗೆರೆ. "ಇಷ್ಟೇ ಇರುತ್ತದೆ, ಬೆಳೆಯುವುದಿಲ್ಲ" ಎಂದು ಅಂಗಡಿಯವನು ಹೇಳಿದ್ದನಂತೆ. ವ್ಯಾಪಾರಸ್ಥರಾದ ನಾವು ಹೇಳಬಾರದು, ಆದರೂ ಇಂಥ ಮಾತು ವ್ಯಾಪಾರಕ್ಕೆ ಶೋಭೆಯಲ್ಲ. ಕೆಂಪುಕಿವಿಯ ಆಮೆ ಎಂದು ಕರೆಯುವ ಈ ಜಾತಿ ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದು. ಹೆಣ್ಣಾದರೆ ಚಿಪ್ಪು 10-12 ಅಂಗುಲದವರೆಗೆ ಬೆಳೆಯಬಲ್ಲದು, ಊಟದ ತಟ್ಟೆಯಷ್ಟು. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಕಾಲೇಜು ಮುಗಿಯಿತು, ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಆಮೆಗಳು ತೋಟದ ಮನೆಗೆ ಬಂದವು.

ಗಾಜಿನ ತೊಟ್ಟಿ ಸಾಲದಾಯಿತು, ಪ್ಲಾಸ್ಟಿಕ್ ಡ್ರಮ್ಮು ಸಾಲದಾಯಿತು. ನೀರು ದಿನಕ್ಕೊಮ್ಮೆ ನಾರತೊಡಗಿತು. ಆಗ ಬೀಗರ ಅಣ್ಣ ಒಂದು ಮಾತು ಹೇಳಿದರಂತೆ: "ಹಿಂದೆ ತೋಡು ಹರೀತದೆ, ಒಳ್ಳೆ ದಿನ ನೋಡಿ ಬಿಟ್ಟುಬಿಡಿ. ಅಭಯದಾನ ಮಾಡಿದ ಹಾಗಾಯಿತು." ಮನೆಯವರಿಗೆಲ್ಲ ಅದು ಸರಿ ಅನಿಸಿತ್ತು. ನಮಗೂ ಅನಿಸುತ್ತಿತ್ತು. ಸಂತೆಯಲ್ಲಿ ಪ್ರಾಣಿ ಪಕ್ಷಿ ಕೊಂಡು ಬಿಡಿಸುವುದು ನಮ್ಮಲ್ಲಿ ಪುಣ್ಯದ ಕೆಲಸ. ಪಂಜರದ ಗಿಳಿಯನ್ನು ಆಕಾಶಕ್ಕೆ ಬಿಟ್ಟ ಹಾಗೆ ಆಮೆಯನ್ನು ನೀರಿಗೆ ಬಿಡುವುದರಲ್ಲಿ ತಪ್ಪೇನು?

ತಪ್ಪಿದೆ ಎಂದು ಬಿಡಿಸಿ ಹೇಳಿದವರು ಕಲ್ಪೆಟ್ಟಾದ ಒಬ್ಬ ಪಶುವೈದ್ಯರು. ಆಮೆಗೆ ಈ ನೀರು ಒಗ್ಗದೆ ಸಾಯಬಹುದು ಎಂಬುದು ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಅದು ಸಾಯದೆ ಉಳಿಯುವುದು. ಉಳಿದರೆ ಅದು ಇಲ್ಲಿನ ಆಮೆಗಳ ಬಿಸಿಲು ಕಾಯುವ ಬಂಡೆ, ತಿನ್ನುವ ಸೊಪ್ಪು, ಮೊಟ್ಟೆಯಿಡುವ ದಂಡೆ ಎಲ್ಲದಕ್ಕೂ ಪೈಪೋಟಿಗೆ ಬೀಳುತ್ತದೆ. ಇಲ್ಲಿ ಇಲ್ಲದ ರೋಗವನ್ನೂ ತಂದೀತು. ಲೋಕದಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ 100 ಪರದೇಶಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ಕೇರಳದಲ್ಲಿಯೂ ತೃಶ್ಶೂರಿನ ಒಂದು ಕಾಲುವೆಯಲ್ಲಿ 2018ರಲ್ಲಿ ಈ ಆಮೆ ಸಿಕ್ಕಿತು. ಆಮೇಲೆ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು, ಸಾಕಿ ಬೇಸತ್ತವರು ನೀರಿಗೆ ಬಿಡಬೇಡಿ, ನಮಗೆ ಒಪ್ಪಿಸಿ ಎಂದು ಜನರನ್ನು ಕೇಳಿಕೊಂಡರು.

ಬೀಗರ ಮನೆಯ ಹಿಂದಿನ ತೋಡು ಪನಮರಂ ಹೊಳೆಗೆ ಸೇರುತ್ತದೆ, ಆ ಹೊಳೆ ಕಬಿನಿಗೆ, ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಗೆ. ಅದೇ ಕಾವೇರಿ ನಮ್ಮ ಕಡೆ ಹೊಗೇನಕಲ್ಲಿನಲ್ಲಿ ಧುಮುಕುತ್ತದೆ. ಒಂದು ಮನೆಯ ಹಿತ್ತಿಲಲ್ಲಿ ಬಿಟ್ಟ ಎರಡು ಆಮೆ ಎಷ್ಟು ನೀರಿಗೆ ಬಿಟ್ಟಂತಾಯಿತು ನೋಡಿ. ಎರಡು ಜೀವಕ್ಕೆ ಅಭಯ ಕೊಟ್ಟು ಹೆಸರಿಲ್ಲದ ನೂರು ಜೀವದ ಅನ್ನ ಕಿತ್ತುಕೊಂಡರೆ ಅದು ಯಾವ ದಾನ ಎಂದು ಬೀಗರ ತಾಯಿ, ಎಂಬತ್ತು ದಾಟಿದ ಅಜ್ಜಿ, ಕೇಳಿದರಂತೆ. ಅಲ್ಲಿಗೆ ಚರ್ಚೆ ಮುಗಿಯಿತು. ತಂದದ್ದಾಯಿತು, ಸಾಯುವವರೆಗೆ ಸಾಕುವುದು, ಹೊರಗೆ ಹೋಗದ ಹಾಗೆ ಸಾಕುವುದು ಎಂದು ತೀರ್ಮಾನವಾಯಿತು. ಮೂವತ್ತು ವರ್ಷದ ಲೆಕ್ಕ ಹಾಕಿದರೆ ಅದು ಮೊಮ್ಮಗನ ತಲೆಯ ಮೇಲೆ ಬೀಳುವ ಜವಾಬ್ದಾರಿ. ಆ ಮೊಮ್ಮಗ ನಮಗೂ ಮೊಮ್ಮಗನೇ, ಈಗ ನಾಲ್ಕು ವರ್ಷ.

ಕೊಳ ನೋಡಲು ಅಂಥ ಚಂದವೇನಿಲ್ಲ. ಪತ್ರಿಕೆಗಳಲ್ಲಿ ಬರುವ ತಾವರೆ, ಕಾರಂಜಿಯ ಕೊಳ ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಸುಮಾರು ಹತ್ತು ಅಡಿ ಉದ್ದ, ಏಳು ಅಡಿ ಅಗಲ, ಆಳವಾದ ಕಡೆ ಮೂರಡಿ ನೀರು. ಒಂದು ಬದಿ ಇಳಿಜಾರಾಗಿ ಮೇಲೆ ಬಂದು ಮರಳಿನ ಅಂಗಳಕ್ಕೆ ಸೇರುತ್ತದೆ. ಕೊಳವನ್ನೂ ಅಂಗಳವನ್ನೂ ಸೇರಿಸಿ ಸುತ್ತಲೂ ಕೆಂಪು ಮುರಕಲ್ಲಿನ ಗೋಡೆ, ಒಳಬದಿಗೆ ನುಣುಪಾದ ಸಿಮೆಂಟು. ಕಟ್ಟಿದವರು ಊರಿನ ಮೇಸ್ತ್ರಿ, ಕಟ್ಟಿಸಿದವರು ನಮ್ಮ ಅಳಿಯ. ಆದರೆ ಈ ಗೋಡೆ ಇರುವ ಹಾಗೆ ಏಕೆ ಇದೆ ಎಂಬುದನ್ನು ಅವರು ಹೇಳುತ್ತಾ ಹೋದಾಗ ಪ್ರತಿ ಅಂಗುಲಕ್ಕೂ ಒಂದು ಕಾರಣ ಇರುವುದು ಗೊತ್ತಾಯಿತು.

ಆಮೆ ನಿಧಾನದ ಪ್ರಾಣಿ, ಎಲ್ಲಿಗೆ ಹೋದೀತು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಸರಿಯಲ್ಲ. ಈ ಆಮೆ ಹತ್ತುತ್ತದೆ. ಎರಡು ಗೋಡೆ ಕೂಡುವ ಮೂಲೆ ಸಿಕ್ಕಿದರೆ ಒಂದು ಕಡೆಗೆ ಬೆನ್ನು ಕೊಟ್ಟು, ಇನ್ನೊಂದು ಕಡೆಗೆ ಉಗುರು ಕೊಟ್ಟು ಮೇಲೇರುತ್ತದೆ. ಒಂದರ ಬೆನ್ನ ಮೇಲೆ ಇನ್ನೊಂದು ನಿಂತು ಹತ್ತುವುದೂ ಉಂಟು. ಅದಕ್ಕೇ ಇಲ್ಲಿ ಗೋಡೆಗೆ ಮೂಲೆಗಳಿಲ್ಲ, ನಾಲ್ಕು ಕಡೆಯೂ ದುಂಡಗೆ ತಿರುಗಿಸಿದ್ದಾರೆ. ನೆಲದಿಂದ ಎತ್ತರ ಎರಡಡಿ. ಮೇಲ್ತುದಿಯಲ್ಲಿ ಅರ್ಧ ಅಡಿ ಅಗಲದ ಕಲ್ಲಿನ ಹಲಗೆ ಒಳಕ್ಕೆ ಚಾಚಿದೆ, ಕಿಟಕಿಗೆ ಸಜ್ಜಾ ಹಾಕಿದ ಹಾಗೆ. ಎಷ್ಟು ಹತ್ತಿದರೂ ಆ ಚಾಚಿಗೆ ತಲೆ ಬಡಿದು ಕೆಳಗೆ ಬೀಳಬೇಕು. ಬಿದ್ದರೆ ಪೆಟ್ಟಾಗದಂತೆ ಕೆಳಗೆ ಮರಳು. ನೆಲದೊಳಗೂ ಒಂದಡಿ ಪಾಯ ಇಳಿದಿದೆ. ಆಮೆ ಹೆಗ್ಗಣದ ಹಾಗೆ ಬಿಲ ಕೊರೆಯುವುದಿಲ್ಲ, ಆದರೆ ಹೊರಗಿನಿಂದ ಹೆಗ್ಗಣ ಕೊರೆದ ಬಿಲ ಆಮೆಗೆ ಬಾಗಿಲಾದೀತು.

ಬಿಸಿಲು ಕಾಯಲು ನೀರಿನ ನಡುವೆ ಒಂದು ಹಲಸಿನ ಮರದ ದಿಮ್ಮಿ ಹಾಕಿದ್ದಾರೆ. ಬಿಸಿಲು ಬೀಳದಿದ್ದರೆ ಆಮೆಯ ಚಿಪ್ಪು ಮೆತ್ತಗಾಗುತ್ತದೆ. ಗಾಜಿನ ಹಿಂದಿನ ಬಿಸಿಲು ಸಾಲದು, ನೇರ ಬಿಸಿಲೇ ಬೇಕು. ಮನೆಯೊಳಗೆ ತೊಟ್ಟಿಯಲ್ಲಿ ಸಾಕಿದ ಎಷ್ಟೋ ಮರಿಗಳು ಸಾಯುವುದು ಇದರಿಂದಲೇ. ಆ ದಿಮ್ಮಿ ಗೋಡೆಯಿಂದ ಮೂರಡಿ ದೂರದಲ್ಲಿದೆ ಮತ್ತು ಅದನ್ನು ತಳದ ಕಲ್ಲಿಗೆ ಕಟ್ಟಿದ್ದಾರೆ. ತೇಲಿಕೊಂಡು ಗೋಡೆಗೆ ಒರಗಿದರೆ ಅದೇ ಏಣಿ. ಕೊಳದ ಹತ್ತಿರ ಬೆಳೆದಿದ್ದ ಮೆಣಸಿನ ಬಳ್ಳಿಯನ್ನೂ ಬೇರೆ ಮರಕ್ಕೆ ಹಬ್ಬಿಸಿದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ಕಟ್ಟಿದ ಮೊದಲ ವರ್ಷವೇ ಒಂದು ಆಮೆ ತಪ್ಪಿಸಿಕೊಂಡಿತ್ತು. ಆ ಕಥೆಯನ್ನು ನಮ್ಮ ಮಗಳು ಹೇಳಿದಳು. ವಯನಾಡಿನ ಆಷಾಢದ ಮಳೆ ಎಂದರೆ ನಮ್ಮ ಬಯಲುಸೀಮೆಯವರ ಅಂದಾಜಿಗೆ ನಿಲುಕುವುದಲ್ಲ. ಹೆಚ್ಚಾದ ನೀರು ಹೋಗಲು ಗೋಡೆಗೆ ಒಂದು ಕೊಳವೆ ಇಟ್ಟು, ಆಮೆ ನುಸುಳದಂತೆ ಬಾಯಿಗೆ ಜಾಲರಿ ಹಾಕಿದ್ದರು. ತೋಟದ ಸಿಲ್ವರ್ ಓಕ್ ಎಲೆಗಳು ಬಂದು ಜಾಲರಿಗೆ ಮೆತ್ತಿಕೊಂಡವು. ನೀರು ಹೋಗಲಿಲ್ಲ, ಏರಿತು. ಎರಡಡಿಯ ಗೋಡೆ ನೀರಿನ ಮೇಲೆ ನಾಲ್ಕಂಗುಲ ಉಳಿಯಿತು. ಆಗಿನ್ನೂ ಒಳಚಾಚು ಹಲಗೆ ಇರಲಿಲ್ಲ. ಬೆಳಗ್ಗೆ ನೋಡಿದರೆ ಒಂದೇ ಆಮೆ. ಆಳುಕಾಳು, ಮನೆಯವರು ಎಲ್ಲ ಸೇರಿ ಮೂರು ದಿನ ತೋಟ ಹುಡುಕಿದರು. ತೋಡಿನ ದಂಡೆಯಲ್ಲಿ ಅಳಿಯ ಟಾರ್ಚು ಹಿಡಿದು ರಾತ್ರಿಯೆಲ್ಲ ನಿಂತಿದ್ದನಂತೆ. ಕಡೆಗೆ ಕಾಫಿ ಗಿಡದ ಬುಡದಲ್ಲಿ ಕೊಳೆತ ಎಲೆಯೊಳಗೆ ಸಿಕ್ಕಿತು. ತೋಡಿಗೆ ಇಪ್ಪತ್ತು ಮಾರು ಉಳಿದಿತ್ತು.

ಈಗ ಕೊಳವೆಗಳು ಎರಡು, ಒಂದು ಕಟ್ಟಿದರೆ ಇನ್ನೊಂದು ಇರಲಿ ಎಂದು. ಎರಡಕ್ಕೂ ಕೊಳವೆಯ ಬಾಯಿಗೆ ಅಂಟಿಕೊಂಡ ಜಾಲರಿ ಅಲ್ಲ, ಬುಟ್ಟಿಯ ಹಾಗೆ ಹೊರಕ್ಕೆ ಉಬ್ಬಿದ ತುಕ್ಕು ಹಿಡಿಯದ ತಂತಿ. ಒಂದು ಬದಿ ಎಲೆ ಮೆತ್ತಿದರೂ ಇನ್ನೊಂದು ಬದಿಯಿಂದ ನೀರು ಹೋಗುತ್ತದೆ. ಮಳೆಗಾಲದಲ್ಲಿ ಬೆಳಗ್ಗೆ, ಸಂಜೆ ಎರಡು ಸಲ ಅದನ್ನು ಬಳಿಯುವುದು ಅಳಿಯನ ಪಾಲಿನ ಕೆಲಸ. ಹೊರಗೆ ಹೋದ ನೀರು ನೇರವಾಗಿ ತೋಡಿಗೆ ಹೋಗುವುದಿಲ್ಲ, ಬಾಳೆಗುಂಡಿಗೆ ಹೋಗುತ್ತದೆ. ಬಾಳೆ ಏನು ಬಂದಿದೆ ಅಂತೀರಿ! ನಾವು ಹೋಗಿದ್ದಾಗ ತುಲಾವರ್ಷದ ಮಳೆ, ಅಂದರೆ ಹಿಂಗಾರು, ಇನ್ನೂ ಮುಗಿದಿರಲಿಲ್ಲ. ಸಂಜೆ ಗುಡುಗು ಶುರುವಾದರೆ ಮನೆಯವರ ಮಾತು ತಾನಾಗಿ ನಿಲ್ಲುತ್ತಿತ್ತು. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ನೂರಾರು ಜನ ಹೋದ ಮೇಲೆ ಆ ಜಿಲ್ಲೆಯಲ್ಲಿ ಮಳೆಯ ಸದ್ದನ್ನು ಯಾರೂ ಸುಮ್ಮನೆ ಕೇಳುವುದಿಲ್ಲ.

ಹೊರಗಿನಿಂದ ಬರುವ ಅಪಾಯಗಳೂ ಇವೆ. ಜ್ಞಾತೃಧರ್ಮಕಥಾಂಗದಲ್ಲಿ ಎರಡು ಆಮೆ, ಎರಡು ನರಿಗಳ ಕಥೆ ಬರುತ್ತದೆ. ಅಂಗಗಳನ್ನು ಒಳಗೆಳೆದುಕೊಂಡು ತಾಳ್ಮೆಯಿಂದ ಇದ್ದ ಆಮೆ ಉಳಿಯಿತು, ಆತುರಪಟ್ಟು ಕಾಲು ಚಾಚಿದ್ದು ನರಿಗಳ ಪಾಲಾಯಿತು. ಇಲ್ಲಿ ನರಿಗಿಂತ ಬೀದಿನಾಯಿಯ ಕಾಟ ಹೆಚ್ಚು. ನಾಯಿ ಚಿಪ್ಪನ್ನೇ ಕಡಿಯುತ್ತದೆ, ಒಳಗೆಳೆದುಕೊಂಡರೂ ಬಿಡುವುದಿಲ್ಲ. ಮುಂಗುಸಿ, ಉಡ, ಪುನುಗುಬೆಕ್ಕು ಮರಳಿನಲ್ಲಿ ಮೊಟ್ಟೆ ಹುಡುಕುತ್ತವೆ, ಕಾಗೆ ಹದ್ದುಗಳಿಗೆ ಸಣ್ಣ ಮರಿ ಸಿಕ್ಕರೆ ಸಾಕು. ಅದಕ್ಕಾಗಿ ಗೋಡೆಯ ಮೇಲೆ ಕಬ್ಬಿಣದ ಕಂಬಿ ನೆಟ್ಟು ತಂತಿಬಲೆ ಕಟ್ಟಿದ್ದಾರೆ. ಮೇಲೂ ಬಲೆ ಇದೆ. ಬಾಗಿಲಿನ ಚಿಲಕ ದೊಡ್ಡವರ ಎದೆಯ ಎತ್ತರಕ್ಕೆ. ಇದು ನಾಯಿಗಾಗಿ ಅಲ್ಲ, ಮೊಮ್ಮಗನಿಗಾಗಿ. ಮೂರಡಿ ನೀರು ನಾಲ್ಕು ವರ್ಷದ ಮಗುವಿಗೆ ಸಮುದ್ರ. ಕೊಳ ಕಟ್ಟಿಸುವ ಮನೆಯವರು ಆಮೆ ಹೊರಬರದಂತೆ ನೋಡುವುದಕ್ಕೆ ಮೊದಲು ಮಗು ಒಳಹೋಗದಂತೆ ನೋಡಬೇಕು.

ಮಗುವಿನ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ. ಆಮೆಗೆ ಏನೂ ಆಗುವುದಿಲ್ಲ, ಮನುಷ್ಯರಿಗೆ ವಾಂತಿ, ಭೇದಿ, ಜ್ವರ. ಮಕ್ಕಳು ಮರಿಯನ್ನು ಬಾಯಿಗಿಟ್ಟುಕೊಳ್ಳುತ್ತಾರೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಸಣ್ಣ ಆಮೆಗಳ ಮಾರಾಟ ನಿಷೇಧಿಸಿದ್ದಾರೆ. ಅವರ ದೇಶದ ಆಮೆಯನ್ನು ಅವರ ಮಕ್ಕಳಿಗೆ ಮಾರಲು ಬಿಡದೆ ನಮ್ಮ ಮಕ್ಕಳ ಕೈಗೆ ಬಂದಿದೆ! ಬೀಗರ ಮನೆಯಲ್ಲಿ ಐದು ವರ್ಷದೊಳಗಿನವರು ಆಮೆ ಮುಟ್ಟುವಂತಿಲ್ಲ. ಮುಟ್ಟಿದವರು ಹಿತ್ತಿಲ ನಲ್ಲಿಯಲ್ಲೇ ಸಾಬೂನು ಹಚ್ಚಿ ಕೈ ತೊಳೆದೇ ಒಳಗೆ ಬರಬೇಕು. ಕೊಳದ ಬಕೆಟ್ಟು, ಬ್ರಷ್ಷು ಅಡಿಗೆಮನೆಯ ಕಡೆ ಬರುವ ಹಾಗಿಲ್ಲ. ಮಡಿ ಎಂದರೆ ಹೀಗೇ ಇರಬೇಕು ಎಂದು ನಮ್ಮ ಮನೆಯವರು ಮೆಚ್ಚಿಕೊಂಡರು.

ಇನ್ನು ಊಟದ ವಿಚಾರ. ನಮ್ಮ ಓದುಗರು ಮೊದಲು ಕೇಳುವುದು ಇದನ್ನೇ, ನಾವೂ ಮೊದಲು ಕೇಳಿದ್ದು ಇದನ್ನೇ. ಸಂಜೆ ಹೊತ್ತು ಮುಳುಗುವ ಮುಂಚೆ ನಮ್ಮ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ ವಿಷಯ ತೆಗೆದೆವು. "ಬೀಗರೇ, ಇದು ಮಾಂಸ ತಿನ್ನುವ ಪ್ರಾಣಿಯಲ್ಲವೇ?" ಅವರು ನೇರವಾಗಿಯೇ ಹೇಳಿದರು: "ಎರಡೂ ತಿನ್ನುತ್ತದೆ. ಮರಿಯಾಗಿದ್ದಾಗ ಹುಳ, ಮೀನು ಹೆಚ್ಚು. ದೊಡ್ಡದಾದ ಮೇಲೆ ಸೊಪ್ಪೇ ಹೆಚ್ಚು." ಅಂಗಡಿಯಲ್ಲಿ ಸಿಗುವ ಕಾಳಿನಂಥ ಆಹಾರದ ಪೊಟ್ಟಣ ತಿರುಗಿಸಿ ಓದಿದರೆ ಹೆಚ್ಚಿನವುಗಳಲ್ಲಿ ಮೀನಿನ ಪುಡಿ ಇರುತ್ತದೆ. ಕಾಲೇಜು ಹುಡುಗಿ ಎರಡು ವರ್ಷ ಅದನ್ನೇ ಹಾಕಿದ್ದಳು, ಏನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ.

ಈಗ ಎರಡೂ ಬೆಳೆದ ಆಮೆಗಳಾದ್ದರಿಂದ ಅವರು ಹಾಕುವುದು ಸೊಪ್ಪು ತರಕಾರಿ: ನುಗ್ಗೆಸೊಪ್ಪು, ದಾಸವಾಳದ ಎಲೆ ಹೂವು, ತುರಿದ ಸಿಹಿಗುಂಬಳ, ನೀರಿನ ಮೇಲೆ ತೇಲುವ ಸಣ್ಣ ಪಾಚಿಯಂಥ ಗಿಡ. ಪಾಲಕ್ ಸೊಪ್ಪು ದಿನಾ ಹಾಕಬಾರದಂತೆ, ಅದು ಸುಣ್ಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ಅನ್ನ, ಚಪಾತಿ, ಹಾಲು ಇವು ಅದರ ಆಹಾರವೇ ಅಲ್ಲ. ಪಶುವೈದ್ಯರು ಕೊಟ್ಟ ಸುಣ್ಣಾಂಶದ ಪುಡಿಯನ್ನು ವಾರಕ್ಕೆರಡು ಸಲ ಸೊಪ್ಪಿಗೆ ಉದುರಿಸುತ್ತಾರೆ. ಕೊಳದಲ್ಲಿ ತಾನಾಗಿ ಹುಟ್ಟುವ ಸೊಳ್ಳೆಮರಿ, ತಾನಾಗಿ ಬಂದು ಬೀಳುವ ಹುಳುಗಳನ್ನು ಆಮೆ ಹಿಡಿದು ತಿನ್ನುತ್ತದೆ. ಅದನ್ನು ತಡೆಯಲು ಯಾರಿಂದಲೂ ಆಗದು, ಅದು ಆಮೆಯ ಸ್ವಭಾವ. ಆದರೆ ಕೊಳಕ್ಕೆ ಮೀನು ಬಿಡಲು ಅಜ್ಜಿ ಒಪ್ಪಲಿಲ್ಲ. ಸೊಳ್ಳೆಗೆ ಒಳ್ಳೆಯದು ಎಂದು ಯಾರೋ ಹೇಳಿದ್ದರಂತೆ. "ತಿನ್ನಲಿ ಅಂತಲೇ ಬಿಟ್ಟ ಹಾಗಾಗ್ತದೆ, ಬೇಡ" ಎಂದರು ಅಜ್ಜಿ.

ಇದರಿಂದ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಬೆಳೆದ ಆಮೆಯನ್ನು ಹೆಚ್ಚುಕಡಿಮೆ ಸೊಪ್ಪಿನ ಮೇಲೆ ಸಾಕಬಹುದು. ಮರಿಯನ್ನು ಹಾಗೆ ಸಾಕಲಾಗದು, ಹಾಗೆ ಸಾಕಿದರೆ ಅದು ಬೆಳೆಯುವುದಿಲ್ಲ. ಆದ್ದರಿಂದ ನಮ್ಮ ಮನೆಗಳಲ್ಲಿ ಮರಿ ಕೊಳ್ಳುವುದು ಎಂದರೆ ಒಂದು ಡಬ್ಬಿ ಮೀನಿನ ಪುಡಿಯನ್ನೂ ಜೊತೆಗೆ ಕೊಂಡಂತೆ. ಹೊಸದಾಗಿ ಕೊಳ್ಳಲು ಹೊರಟವರಿಗೆ ನಾವು ಬೇಡ ಎಂದೇ ಹೇಳುತ್ತೇವೆ. ಈಗಾಗಲೇ ಮನೆಯಲ್ಲಿ ಇದ್ದು ಬೆಳೆದಿರುವುದನ್ನು ಏನು ಮಾಡುವುದು ಎನ್ನುವವರಿಗಾಗಿಯೇ ಈ ಬರಹ.

ನಮ್ಮ ನಾಡಿನ ಆಮೆಗಳ ಮಾತೇ ಬೇರೆ. ಹೊಳೆಯಲ್ಲಿ ಸಿಗುವ ಕರಿಯಾಮೆಯಾಗಲಿ, ಕೆರೆಯ ಮೆತ್ತನೆ ಚಿಪ್ಪಿನ ಆಮೆಯಾಗಲಿ, ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಒಣನೆಲದ ನಕ್ಷತ್ರ ಆಮೆಯಾಗಲಿ, ಹಿಡಿದು ತಂದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲಿ ನಕ್ಷತ್ರ ಆಮೆ ಇದ್ದರೆ ಗಲ್ಲಾಪೆಟ್ಟಿಗೆ ತುಂಬುತ್ತದೆ ಎಂಬ ನಂಬಿಕೆ ನಮ್ಮ ಕೆಲವು ವ್ಯಾಪಾರಸ್ಥರಲ್ಲಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಜೈಲಿಗೆ ಕಳಿಸುವ ಅಪರಾಧ. ಗಲ್ಲಾಪೆಟ್ಟಿಗೆ ಖಾಲಿ ಮಾಡಿಸುವ ಆಮೆ ಎಂದರೂ ಸರಿ. ಪರದೇಶದ ಕೆಲವು ಪ್ರಾಣಿಗಳ ನೋಂದಣಿಗೂ 2024ರಲ್ಲಿ ಹೊಸ ನಿಯಮ ಬಂದಿದೆ. ಸಾಕಿರುವವರು ತಮ್ಮಲ್ಲಿರುವ ಜಾತಿ ಯಾವುದೆಂದು ಹತ್ತಿರದ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಮೂರನೆಯ ದಿನ ಬೆಳಗ್ಗೆ ಒಂದು ಅಪರೂಪದ ದೃಶ್ಯ ನೋಡಿದೆವು. ದೊಡ್ಡ ಆಮೆ ನೀರು ಬಿಟ್ಟು ಮರಳಿಗೆ ಬಂದು ಹಿಂಗಾಲಿನಿಂದ ಗುಂಡಿ ತೋಡತೊಡಗಿತು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ತಿರುಗಿ ನೋಡದೆ. ಒಂದು ಗಂಟೆಗೂ ಮೇಲೆ ಹಿಡಿಯಿತು. ಎಂಟು ಬಿಳಿಯ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ ನೀರಿಗೆ ಹೋಯಿತು. ಸಾಕಿದ ಆಮೆಗಳು ತಪ್ಪಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ ಎಂದು ಅಳಿಯ ಹೇಳಿದರು. ನೀರಿನಲ್ಲಿ ಅದು ಸುಖವಾಗಿಯೇ ಇರುತ್ತದೆ. ಮೊಟ್ಟೆಯಿಡುವ ಕಾಲ ಬಂದಾಗ ಮೆತ್ತನೆಯ ಮಣ್ಣು ಹುಡುಕಿಕೊಂಡು ಎಷ್ಟು ದೂರವಾದರೂ ಹೋಗುತ್ತದೆ. ಗೋಡೆಯೊಳಗೇ ಒಂದಡಿ ಆಳದ ಮರಳುಮಣ್ಣು ಇದ್ದರೆ ಅದಕ್ಕೆ ಹೊರಗೆ ಹೋಗುವ ತವಕವೇ ಕಡಿಮೆ. ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಆಮೆ ಸಾಯುವುದೂ ಉಂಟು.

ಮೊಟ್ಟೆ ಕಂಡೊಡನೆ ನಮ್ಮ ಮನೆಯವರಿಗೆ ಗಾಬರಿ. ಎಂಟು ಮರಿಯಾದರೆ? ಮುಂದಿನ ವರ್ಷ ಇನ್ನೆಷ್ಟು? ಕೊಲ್ಲುವಂತಿಲ್ಲ, ಬಿಡುವಂತಿಲ್ಲ, ಯಾರಿಗಾದರೂ ಕೊಟ್ಟರೆ ಅವರು ತೋಡಿಗೆ ಬಿಡುವುದಿಲ್ಲ ಎಂದು ಹೇಗೆ ನಂಬುವುದು? ಮಗಳು ನಕ್ಕಳು. ಎರಡೂ ಹೆಣ್ಣು ಎಂದು ಪಶುವೈದ್ಯರು ಪರೀಕ್ಷಿಸಿ ಹೇಳಿದ್ದಾರೆ. ಗಂಡಾದರೆ ಮೈ ಸಣ್ಣದು, ಬಾಲ ದಪ್ಪ, ಮುಂಗಾಲಿನ ಉಗುರು ಉದ್ದ. ಗಂಡಿಲ್ಲದಿದ್ದರೂ ಕೋಳಿಯ ಹಾಗೆ ಹೆಣ್ಣಾಮೆ ಮೊಟ್ಟೆಯಿಡುತ್ತದೆ, ಅದರಲ್ಲಿ ಜೀವ ಇರುವುದಿಲ್ಲ. ಎರಡೂ ಹೆಣ್ಣಾದದ್ದು ನಮ್ಮ ಪುಣ್ಯ ಎಂದರು ಬೀಗಿತ್ತಿ. ಏಕೆಂದರೆ ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು, ಆಮೇಲೆ ಬೇರೆ ಇಟ್ಟರೂ ಬಹಳ ತಿಂಗಳವರೆಗೆ ಜೀವವಿರುವ ಮೊಟ್ಟೆ ಇಡಬಲ್ಲದು.

ಅಜ್ಜಿ ದಿನವೂ ಬೆಳಗ್ಗೆ ಜಪ ಮುಗಿಸಿ ಕೋಲೂರಿಕೊಂಡು ಕೊಳದ ಬಳಿ ಬರುತ್ತಾರೆ. ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತ ಸ್ವಾಮಿಯ ಲಾಂಛನ ಆಮೆಯಲ್ಲವೇ, ಅದಕ್ಕೆ ಅವರಿಗೆ ಇವುಗಳ ಮೇಲೆ ಒಂದು ಅಕ್ಕರೆ. ಕೈಮುಗಿಯುತ್ತೀರಾ ಎಂದು ನಾವು ಕೇಳಿದ್ದಕ್ಕೆ, "ಇದಕ್ಕೆ ಯಾಕೆ ಮುಗೀಲಿ? ಇದೂ ನನ್ನ ಹಾಗೇ ಒಂದು ಜೀವ. ಬಸದಿಯಲ್ಲಿ ಮುಗಿದು ಬಂದೆ" ಎಂದರು. ನೀರಿಗೆ ಕೈಯಾಡಿಸಿ ಬೆಚ್ಚಗಿದೆಯೋ ತಣ್ಣಗಿದೆಯೋ ನೋಡುತ್ತಾರೆ. ಪುಷ್ಯ ಮಾಸದ ಚಳಿಯಲ್ಲಿ ಆಮೆಗಳು ಮಂಕಾಗಿ ತಳದಲ್ಲೇ ಇರುತ್ತವೆ, ತಿನ್ನುವುದಿಲ್ಲ. ಆಗ ಒತ್ತಾಯಮಾಡಿ ಹಾಕಬಾರದು, ಉಳಿದ ಸೊಪ್ಪು ಕೊಳೆತು ನೀರು ಕೆಡುತ್ತದೆ. ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಮೂರನೆಯ ಒಂದು ಪಾಲು ನೀರು ಬದಲಿಸುತ್ತಾರೆ. ಹೊಸದಾಗಿ ಸಿಮೆಂಟಿನ ಕೊಳ ಕಟ್ಟಿದವರು ಕೂಡಲೇ ಆಮೆ ಬಿಡಬಾರದು, ಹಸಿ ಸಿಮೆಂಟಿನ ಕ್ಷಾರ ನೀರಿಗೆ ಬಿಡುತ್ತದೆ. ಇವರು ನಾಲ್ಕು ಸಲ ನೀರು ತುಂಬಿ, ವಾರ ಬಿಟ್ಟು, ಚೆಲ್ಲಿ ಆಮೇಲೆ ಬಿಟ್ಟಿದ್ದರು.

ನಾವು ಹೊರಡುವ ಹಿಂದಿನ ದಿನ ಬತ್ತೇರಿಯಿಂದ ಬೀಗರ ಪರಿಚಯದವರೊಬ್ಬರು ಫೋನು ಮಾಡಿದರು. ಅವರ ಮಗ ಹೊರದೇಶಕ್ಕೆ ಹೊರಟಿದ್ದಾನೆ, ಮನೆಯಲ್ಲಿ ಇದೇ ಜಾತಿಯ ಒಂದು ಆಮೆ ಇದೆ, ನಿಮ್ಮ ಕೊಳದಲ್ಲಿ ಜಾಗ ಇದೆಯೇ, ಇಲ್ಲದಿದ್ದರೆ ಯಾವುದಾದರೂ ದೇವಸ್ಥಾನದ ಕೆರೆಗೆ ಬಿಡುತ್ತೇವೆ ಎಂದು. "ಕೆರೆಗೆ ಬಿಡಬೇಡಿ, ಎರಡು ದಿನ ತಡೀರಿ" ಎಂದರು ಬೀಗರು. ಮೊಬೈಲಿಗೆ ಚಿತ್ರ ತರಿಸಿ ನೋಡಿದರೆ ಮುಂಗಾಲಿನ ಉಗುರು ಉದ್ದ, ಗಂಡು. ಇವುಗಳ ಜೊತೆ ಬಿಡುವಂತಿಲ್ಲ. ಸಂಜೆಯೇ ಅಳಿಯ ಟೇಪು ಹಿಡಿದು ಬಾಳೆಗುಂಡಿಯ ಆಚೆಗೆ ಅಳತೆ ಶುರುಮಾಡಿದರು. ಐದು ಅಡಿಗೆ ಆರು ಅಡಿ ಬೇರೆ ಕೊಳ, ಬೇರೆ ಗೋಡೆ, ಇದರ ನೀರು ಅದಕ್ಕೆ ಹೋಗದ ಹಾಗೆ. ಈ ಸಲ ಗೋಡೆಯ ಎತ್ತರ ಎರಡೂವರೆ ಅಡಿ ಇರಲಿ ಎಂದರು ಬೀಗರು. ಮೇಸ್ತ್ರಿ ಸೋಮವಾರ ಬರುತ್ತೇನೆಂದು ಒಪ್ಪಿಕೊಂಡ. ಬೆಳಗ್ಗೆ ನಾವು ಮುತ್ತಂಗದ ದಾರಿ ಹಿಡಿಯುವಾಗ ಬಾಳೆಯ ಆಚೆ ನಾಲ್ಕು ಗೂಟ ಹೊಡೆದು ಹಗ್ಗ ಎಳೆದಿತ್ತು, ಮೂಲೆಗಳನ್ನು ಬಿಟ್ಟು ದುಂಡಗೆ ಸುಣ್ಣದ ಗೆರೆ ಹಾಕಿತ್ತು.